ರಾಷ್ಟ್ರಪತಿ ಹಾಗೂ ಉಪರಾಷ್ಟ್ರಪತಿ: ಸಹಿ ಯಾರದು, ಸಲಹೆ ಯಾರದು

ಗ್ರಾಮ ಪಂಚಾಯತಿಯ ಕ್ರಿಯಾಯೋಜನೆ ಸಿದ್ಧವಾಗುವ ಸಭೆಯಲ್ಲಿ ‘ಹದಿನೈದನೇ ಹಣಕಾಸು’ ಎಂಬ ಮಾತು ಹತ್ತಾರು ಬಾರಿ ಕೇಳಿಬರುತ್ತದೆ. ಯಾವ ವಾರ್ಡಿನ ಚರಂಡಿ, ಯಾವ ಓಣಿಯ ನಲ್ಲಿ ಎಂಬ ಚರ್ಚೆ ಆ ಹೆಸರಿನ ಸುತ್ತಲೇ ನಡೆಯುತ್ತದೆ. ಆ ಹೆಸರು ಬಂದದ್ದು ಸಂವಿಧಾನದ 280ನೆಯ ವಿಧಿಯಿಂದ. ಐದು ವರ್ಷಗಳಿಗೊಮ್ಮೆ, ಅಥವಾ ಅಗತ್ಯವೆನಿಸಿದರೆ ಅದಕ್ಕೂ ಮೊದಲು, ರಾಷ್ಟ್ರಪತಿಯವರು ಹಣಕಾಸು ಆಯೋಗವನ್ನು ರಚಿಸತಕ್ಕದ್ದು ಎಂದು ಆ ವಿಧಿ ವಿಧಿಸುತ್ತದೆ. ಪಂಚಾಯತಿಗಳ ಸಂಪನ್ಮೂಲಕ್ಕೆ ಪೂರಕವಾಗುವಂತೆ ರಾಜ್ಯದ ಸಂಚಿತ ನಿಧಿಯನ್ನು ಹೆಚ್ಚಿಸುವ ಕ್ರಮಗಳನ್ನು ಶಿಫಾರಸು ಮಾಡುವ ಹೊಣೆಯು 73ನೆಯ ತಿದ್ದುಪಡಿಯ ಮೂಲಕ ಆಯೋಗಕ್ಕೆ ಸೇರಿತು. 2026ರ ಏಪ್ರಿಲ್ 1ರಿಂದ ಮುಂದಿನ ಐದು ವರ್ಷಗಳಿಗೆ ಸಂಬಂಧಿಸಿದ ಹದಿನಾರನೆಯ ಆಯೋಗವು 2023ರ ಡಿಸೆಂಬರ್ 31ರಂದು ರಚನೆಯಾಯಿತು.

ಗ್ರಾಮದ ಬದುಕಿಗೆ ರಾಷ್ಟ್ರಪತಿಯವರ ಹೆಸರು ತಾಗುವುದು ಇದೊಂದೇ ಕಡೆಯಲ್ಲ. ಜಾತಿ ಪ್ರಮಾಣಪತ್ರಕ್ಕೆ ಆಧಾರವಾದ ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡಗಳ ಪಟ್ಟಿಗಳು 1950ರಲ್ಲಿ ರಾಷ್ಟ್ರಪತಿಯವರು ಹೊರಡಿಸಿದ ಆದೇಶಗಳ ರೂಪದಲ್ಲಿ ಆರಂಭವಾದವು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಅನ್ವಯಿಸುವ 371ಜೆ ವಿಧಿಯಲ್ಲಿಯೂ, ರಾಷ್ಟ್ರಪತಿಯವರು ಆದೇಶದ ಮೂಲಕ ರಾಜ್ಯಪಾಲರಿಗೆ ವಿಶೇಷ ಹೊಣೆ ವಹಿಸಬಹುದೆಂದೇ ಇದೆ. ಹೀಗಿರುವುದರಿಂದಲೇ, ತಾಲ್ಲೂಕಿನಲ್ಲಿ ಬಗೆಹರಿಯದ ಪ್ರಶ್ನೆ ಬಂದಾಗ ‘ರಾಷ್ಟ್ರಪತಿಗೇ ಬರೆಯೋಣ’ ಎಂಬ ಮಾತು ಗ್ರಾಮಸಭೆಗಳಲ್ಲಿ ಏಳುತ್ತದೆ. ಬರೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಯಾರ ಸಹಿಯಿಂದ ಆದೇಶ ಹೊರಡುತ್ತದೆಯೋ ಅವರೇ ಆ ನಿರ್ಧಾರವನ್ನು ಕೈಗೊಂಡವರೆಂದು ಭಾವಿಸಿದರೆ, ಮನವಿಯು ಸಲ್ಲಬೇಕಾದ ಕಡೆ ಸಲ್ಲದೆ ತಿಂಗಳುಗಟ್ಟಲೆ ಕಾಲಹರಣವಾಗುತ್ತದೆ.

ಮತ ಯಾರಿಗಿದೆ

ರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸುವವರು ಭಾರತದ ನಾಗರಿಕರಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಯ ಸದಸ್ಯರಾಗಲು ಅರ್ಹರಾಗಿರಬೇಕು, ಲಾಭದಾಯಕ ಹುದ್ದೆಯಲ್ಲಿರಬಾರದು. ಉಪರಾಷ್ಟ್ರಪತಿಗೂ ಇವೇ ಅರ್ಹತೆಗಳು; ವ್ಯತ್ಯಾಸವೆಂದರೆ ಅವರು ರಾಜ್ಯಸಭೆಯ ಸದಸ್ಯರಾಗಲು ಅರ್ಹರಾಗಿರಬೇಕು. ರಾಷ್ಟ್ರಪತಿ ಚುನಾವಣೆಯ ನಾಮಪತ್ರಕ್ಕೆ 50 ಸೂಚಕರು, 50 ಅನುಮೋದಕರು ಬೇಕು. ಉಪರಾಷ್ಟ್ರಪತಿಗೆ ತಲಾ 20. ಠೇವಣಿ ಎರಡಕ್ಕೂ 15,000 ರೂಪಾಯಿ. ಮೊದಲು ಇಂತಹ ಕಟ್ಟುನಿಟ್ಟು ಇರಲಿಲ್ಲ. 1967ರ ರಾಷ್ಟ್ರಪತಿ ಚುನಾವಣೆಯಲ್ಲಿ 17 ಮಂದಿ ಸ್ಪರ್ಧಿಸಿ, ಅವರಲ್ಲಿ 9 ಮಂದಿಗೆ ಒಂದು ಮತವೂ ಬೀಳಲಿಲ್ಲ. ಇಂತಹ ಸ್ಪರ್ಧೆಯನ್ನು ತಡೆಯಲೆಂದೇ 1974ರಲ್ಲಿ ಸೂಚಕರ ನಿಯಮ ಬಂದು, 1997ರಲ್ಲಿ ಅದು ಮತ್ತಷ್ಟು ಬಿಗಿಯಾಯಿತು.

ರಾಷ್ಟ್ರಪತಿಯವರನ್ನು ಆಯ್ಕೆ ಮಾಡುವವರು ಸಂಸತ್ತಿನ ಉಭಯ ಸದನಗಳ ಚುನಾಯಿತ ಸದಸ್ಯರು ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು. 1992ರ ತಿದ್ದುಪಡಿಯಿಂದ ದೆಹಲಿ ಹಾಗೂ ಪುದುಚೇರಿ ವಿಧಾನಸಭೆಗಳ ಚುನಾಯಿತ ಸದಸ್ಯರೂ ಈ ಚುನಾಯಕ ಮಂಡಲಿಗೆ ಸೇರಿದರು. ನಾಮನಿರ್ದೇಶಿತ ಸದಸ್ಯರಿಗೆ ಇಲ್ಲಿ ಮತವಿಲ್ಲ. ವಿಧಾನ ಪರಿಷತ್ತಿನ ಸದಸ್ಯರಿಗೂ ಇಲ್ಲ. ಕರ್ನಾಟಕದ ಗ್ರಾಮ ಪಂಚಾಯತಿ ಸದಸ್ಯರು ಗಮನಿಸಬೇಕಾದ ಸಂಗತಿ ಇದು: ಅವರು ಸದಸ್ಯರೆಂಬ ನೆಲೆಯಲ್ಲಿ ಮತ ಹಾಕುವುದು ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ, 75 ಸ್ಥಾನಗಳಲ್ಲಿ 25 ಸ್ಥಾನಗಳು ಆ ಕ್ಷೇತ್ರದವು. ಆದರೆ ಹಾಗೆ ಆಯ್ಕೆಯಾದ ಪರಿಷತ್ ಸದಸ್ಯರಿಗೆ ರಾಷ್ಟ್ರಪತಿ ಚುನಾವಣೆಯಲ್ಲಿಯೂ ಮತವಿಲ್ಲ, ಉಪರಾಷ್ಟ್ರಪತಿ ಚುನಾವಣೆಯಲ್ಲಿಯೂ ಮತವಿಲ್ಲ. ಸಾಮಾನ್ಯ ಮತದಾರರಾಗಿ ಶಾಸಕರಿಗೂ ಸಂಸದರಿಗೂ ಹಾಕುವ ಮತವೇ ಪರೋಕ್ಷವಾಗಿ ದೆಹಲಿಯವರೆಗೆ ಹೋಗುವುದು.

ಮತ ಹಾಕುವ ಕ್ರಮ ಮಾತ್ರ ಸದಸ್ಯರಿಗೆ ಪರಿಚಿತವಾದದ್ದೇ. ಪರಿಷತ್ ಚುನಾವಣೆಯಲ್ಲಿ ಮಾಡುವಂತೆಯೇ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯವನ್ನು ಆಯೋಗ ಕೊಡುವ ಲೇಖನಿಯಿಂದ ಬರೆಯಬೇಕು. ಮತದಾನ ಗುಪ್ತ, ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. ಸಿಂಧುವಾದ ಮತಗಳ ಅರ್ಧಕ್ಕಿಂತ ಹೆಚ್ಚು ಪಡೆದವರು ಗೆಲ್ಲುತ್ತಾರೆ. ಯಾರಿಗೂ ಅಷ್ಟು ಬಾರದಿದ್ದರೆ ಕಡಿಮೆ ಮತ ಪಡೆದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯವನ್ನು ಎಣಿಸಲಾಗುತ್ತದೆ. 1969ರಲ್ಲಿ ಹೀಗೆಯೇ ಆಯಿತು. ಮೊದಲ ಎಣಿಕೆಯಲ್ಲಿ ವಿ.ವಿ. ಗಿರಿಯವರಿಗೆ 4,01,515, ನೀಲಂ ಸಂಜೀವ ರೆಡ್ಡಿಯವರಿಗೆ 3,13,548 ಮತಮೌಲ್ಯ ಬಂದಿತ್ತು. ಗೆಲುವಿಗೆ 4,18,169 ಬೇಕಿತ್ತು. ಎರಡನೆಯ ಪ್ರಾಶಸ್ತ್ಯದ ಮತಗಳು ಸೇರಿದ ಮೇಲೆ ಗಿರಿಯವರು 4,20,077ಕ್ಕೆ ಮುಟ್ಟಿ ಆಯ್ಕೆಯಾದರು. ಎರಡನೆಯ ಪ್ರಾಶಸ್ತ್ಯವನ್ನು ಬರೆಯದೆ ಖಾಲಿ ಬಿಡುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಎಲ್ಲ ಮತಗಳ ಬೆಲೆಯೂ ಒಂದೇ ಅಲ್ಲ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತಮೌಲ್ಯ ದೊರೆಯುತ್ತದೆ. ಇಲ್ಲಿ ತೆಗೆದುಕೊಳ್ಳುವುದು ಇಂದಿನ ಜನಸಂಖ್ಯೆಯನ್ನಲ್ಲ, 1971ರ ಜನಗಣತಿಯದನ್ನು. ಆಗ ನಮ್ಮ ರಾಜ್ಯದ ಜನಸಂಖ್ಯೆ 2,92,99,014, ಶಾಸಕರು 224. ಹೀಗೆ ಕರ್ನಾಟಕದ ಒಬ್ಬ ಶಾಸಕರ ಮತಮೌಲ್ಯ 131, ಎಲ್ಲರದೂ ಸೇರಿ 29,344. ಉತ್ತರ ಪ್ರದೇಶದ ಶಾಸಕರದು 208, ಸಿಕ್ಕಿಂನ ಶಾಸಕರದು 7. ಕುಟುಂಬ ಯೋಜನೆಯನ್ನು ನಿಷ್ಠೆಯಿಂದ ಪಾಲಿಸಿದ ರಾಜ್ಯಗಳ ತೂಕ ಕಡಿಮೆಯಾಗಬಾರದೆಂದು 1976ರಲ್ಲಿ ಈ ಅಂಕಿಯನ್ನು ಸ್ಥಗಿತಗೊಳಿಸಲಾಯಿತು. 2001ರ 84ನೆಯ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಮುಂದುವರಿಸಿತು. ಆದ್ದರಿಂದ ಬರಲಿರುವ ಜನಗಣತಿಯಲ್ಲಿ ಮನೆಮನೆಗೂ ಬರುವ ಗಣತಿದಾರರ ಲೆಕ್ಕವು ಈ ಮತಮೌಲ್ಯಕ್ಕೂ ಸಂಬಂಧಿಸಿದ್ದು.

ಎಲ್ಲ ಶಾಸಕರ ಒಟ್ಟು ಮತಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಸಂಸದರ ಮತಮೌಲ್ಯ ಬರುತ್ತದೆ. 2022ರಲ್ಲಿ ಅದು 700 ಆಗಿತ್ತು. ರಾಜ್ಯಗಳೆಲ್ಲವೂ ಒಂದು ತಟ್ಟೆಯಲ್ಲಿ, ಸಂಸತ್ತು ಇನ್ನೊಂದು ತಟ್ಟೆಯಲ್ಲಿ ಕುಳಿತರೆ ತಕ್ಕಡಿ ಸಮನಾಗಿರಬೇಕೆಂಬುದು ಉದ್ದೇಶ. ಆ ಚುನಾವಣೆಯಲ್ಲಿ ದ್ರೌಪದಿ ಮುರ್ಮು ಅವರು 6,76,803, ಯಶವಂತ ಸಿನ್ಹಾ ಅವರು 3,80,177 ಮತಮೌಲ್ಯ ಪಡೆದರು. ಮುರ್ಮು ಅವರ ಸಾರ್ವಜನಿಕ ಜೀವನ ಆರಂಭವಾದದ್ದು 1997ರಲ್ಲಿ, ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ರಾಯರಂಗಪುರದ ಸ್ಥಳೀಯ ಸಂಸ್ಥೆಯ ಚುನಾಯಿತ ಸದಸ್ಯರಾಗಿ.

ಉಪರಾಷ್ಟ್ರಪತಿಯ ಚುನಾವಣೆ ಇದಕ್ಕಿಂತ ಸರಳ. ಸಂಸತ್ತಿನ ಉಭಯ ಸದನಗಳ ಎಲ್ಲ ಸದಸ್ಯರು, ನಾಮನಿರ್ದೇಶಿತರೂ ಸೇರಿ, ಮತ ಹಾಕುತ್ತಾರೆ. ಪ್ರತಿಯೊಂದು ಮತದ ಬೆಲೆಯೂ ಒಂದೇ. ರಾಜ್ಯ ಶಾಸಕರಿಗೆ ಪಾತ್ರವಿಲ್ಲ. 2025ರ ಸೆಪ್ಟೆಂಬರ್ 9ರಂದು ನಡೆದ ಚುನಾವಣೆಯಲ್ಲಿ ಸಿ.ಪಿ. ರಾಧಾಕೃಷ್ಣನ್ ಅವರಿಗೆ 452, ಬಿ. ಸುದರ್ಶನ ರೆಡ್ಡಿ ಅವರಿಗೆ 300 ಮತಗಳು ಬಂದವು. 15 ಮತಗಳು ಅಸಿಂಧುವಾದವು. ಮತಪತ್ರ ಕೆಡಿಸುವುದು ಹಳ್ಳಿಯ ಸದಸ್ಯರು ಮಾತ್ರ ಎಂದು ಯಾರೂ ಹೇಳಲಾಗದು.

ಹೆಸರು ಒಬ್ಬರದು, ನಿರ್ಧಾರ ಮಂತ್ರಿಮಂಡಲದ್ದು

ಗ್ರಾಮ ಪಂಚಾಯತಿಯ ಅಧ್ಯಕ್ಷರನ್ನು ರಾಷ್ಟ್ರಪತಿಗೆ ಹೋಲಿಸಿ ಮಾತನಾಡುವುದುಂಟು. ಹೋಲಿಕೆ ಬಹುದೂರ ಸಾಗದು. ಪಂಚಾಯತಿ ಅಧ್ಯಕ್ಷರು ಸದಸ್ಯರಲ್ಲಿ ಒಬ್ಬರು. ಸಭೆಯಲ್ಲಿ ಚರ್ಚಿಸುತ್ತಾರೆ, ಮತ ಹಾಕುತ್ತಾರೆ, ನಿರ್ಣಯದ ಜಾರಿಗೆ ಹೊಣೆಯಾಗುತ್ತಾರೆ. ರಾಷ್ಟ್ರಪತಿಯವರು ಸಂಸತ್ತಿನ ಅಂಗವಾದರೂ ಯಾವ ಸದನದ ಸದಸ್ಯರೂ ಅಲ್ಲ. ಕೇಂದ್ರದ ಕಾರ್ಯಾಂಗ ಅಧಿಕಾರವೆಲ್ಲವೂ ಅವರಲ್ಲಿದೆ ಎಂದು 53ನೆಯ ವಿಧಿ ಹೇಳುತ್ತದೆ. ಆ ಅಧಿಕಾರವನ್ನು ಪ್ರಧಾನಮಂತ್ರಿಯ ನೇತೃತ್ವದ ಮಂತ್ರಿಮಂಡಲದ ಸಲಹೆಯಂತೆ ಚಲಾಯಿಸತಕ್ಕದ್ದು ಎಂದು 74ನೆಯ ವಿಧಿ ಹೇಳುತ್ತದೆ. ಹಣಕಾಸು ಆಯೋಗದ ರಚನೆ, ರಾಜ್ಯಪಾಲರ ನೇಮಕ, ಸುಗ್ರೀವಾಜ್ಞೆ, ಮರಣದಂಡನೆಗೆ ಗುರಿಯಾದವರ ಕ್ಷಮಾದಾನದ ಅರ್ಜಿ: ಇವೆಲ್ಲವೂ ಈ ಸಲಹೆಯ ದಾರಿಯಲ್ಲಿಯೇ ಬರುತ್ತವೆ.

ಸಲಹೆಗೆ ಬದ್ಧರಾಗಿರಬೇಕು ಎಂಬ ಸ್ಪಷ್ಟ ಮಾತು ಮೂಲ ಸಂವಿಧಾನದಲ್ಲಿ ಇರಲಿಲ್ಲ. 1976ರ 42ನೆಯ ತಿದ್ದುಪಡಿ ಅದನ್ನು ಸೇರಿಸಿತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು, ಮರಳಿ ಬಂದರೆ ಅದರಂತೆ ನಡೆಯಲೇಬೇಕು ಎಂಬುದನ್ನು 1978ರ 44ನೆಯ ತಿದ್ದುಪಡಿ ಸೇರಿಸಿತು. ಇದೇ ತಿದ್ದುಪಡಿಯಲ್ಲಿ ಇನ್ನೊಂದು ಷರತ್ತೂ ಇದೆ: ತುರ್ತು ಪರಿಸ್ಥಿತಿ ಘೋಷಿಸಬೇಕಾದರೆ ಸಚಿವ ಸಂಪುಟದ ನಿರ್ಧಾರ ರಾಷ್ಟ್ರಪತಿಯವರಿಗೆ ಲಿಖಿತವಾಗಿ ತಲುಪಿರಬೇಕು. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ಪ್ರಧಾನಮಂತ್ರಿಯ ಪತ್ರದ ಮೇಲೆ ಘೋಷಣೆಗೆ ಸಹಿ ಹಾಕಿದ್ದರು. ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ನಡಾವಳಿ ಪುಸ್ತಕದಲ್ಲಿ ನಿರ್ಣಯ ದಾಖಲಾಗುವ ಮೊದಲೇ ಆದೇಶ ಹೊರಟಂತೆ ಇದು.

ಹಿಂದಿರುಗಿಸುವ ಅಧಿಕಾರ ಚಿಕ್ಕದೆನಿಸಬಹುದು, ಆದರೆ ಅದು ಕೆಲಸ ಮಾಡಿದ ನಿದರ್ಶನಗಳಿವೆ. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕೆಂಬ ಸಂಪುಟದ ಶಿಫಾರಸನ್ನು ಕೆ.ಆರ್. ನಾರಾಯಣನ್ ಅವರು ಮರುಪರಿಶೀಲನೆಗೆ ಕಳುಹಿಸಿದರು. ಸಂಪುಟ ಅದನ್ನು ಕೈಬಿಟ್ಟಿತು. 2006ರಲ್ಲಿ ಲಾಭದಾಯಕ ಹುದ್ದೆಗೆ ಸಂಬಂಧಿಸಿದ ವಿಧೇಯಕವನ್ನು ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಸಂಸತ್ತಿಗೆ ಹಿಂದಿರುಗಿಸಿದರು. ಸಂಸತ್ತು ಅದನ್ನು ಮತ್ತೆ ಅಂಗೀಕರಿಸಿ ಕಳುಹಿಸಿದಾಗ ಅಂಕಿತ ಹಾಕಿದರು. ಅಂಕಿತಕ್ಕೆ ಸಂವಿಧಾನದ 111ನೆಯ ವಿಧಿ ಗಡುವು ಗೊತ್ತುಪಡಿಸಿಲ್ಲ. ಅಂಚೆಯ ಪತ್ರಗಳನ್ನು ತಡೆದು ನೋಡಲು ಸರ್ಕಾರಕ್ಕೆ ಅಧಿಕಾರ ಕೊಡುತ್ತಿದ್ದ 1986ರ ಅಂಚೆ ಕಚೇರಿ ತಿದ್ದುಪಡಿ ವಿಧೇಯಕಕ್ಕೆ ಜೈಲ್ ಸಿಂಗ್ ಅವರು ಅಂಕಿತವನ್ನೂ ಹಾಕಲಿಲ್ಲ, ಹಿಂದಿರುಗಿಸಲೂ ಇಲ್ಲ. ಅದು ಕಡೆಗೂ ಕಾನೂನಾಗಲಿಲ್ಲ.

ರಾಜ್ಯದ ವಿಧೇಯಕಗಳೂ ಕೆಲವೊಮ್ಮೆ ರಾಜ್ಯಪಾಲರ ಮೂಲಕ ರಾಷ್ಟ್ರಪತಿಯವರ ಪರಿಶೀಲನೆಗೆ ಹೋಗುತ್ತವೆ. ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ಜಿಲ್ಲಾ ಪರಿಷತ್ತುಗಳನ್ನೂ ಮಂಡಲ ಪಂಚಾಯತಿಗಳನ್ನೂ ರೂಪಿಸಿದ ಕರ್ನಾಟಕದ ವಿಧೇಯಕ 1983ರದು. ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಆ ಕಾಯುವಿಕೆಯ ವರ್ಷಗಳನ್ನು ಹಿರಿಯ ಸದಸ್ಯರು ಇಂದಿಗೂ ನೆನೆಯುತ್ತಾರೆ. ಇದಕ್ಕೆ ಪೂರ್ತಿ ಭಿನ್ನವಾದದ್ದು ಸಂವಿಧಾನ ತಿದ್ದುಪಡಿ ವಿಧೇಯಕ. 1971ರ 24ನೆಯ ತಿದ್ದುಪಡಿಯ ನಂತರ, ಅಂತಹ ವಿಧೇಯಕಕ್ಕೆ ರಾಷ್ಟ್ರಪತಿಯವರು ಅಂಕಿತ ಹಾಕತಕ್ಕದ್ದು. ತಡೆಹಿಡಿಯುವಂತೆಯೂ ಇಲ್ಲ, ಹಿಂದಿರುಗಿಸುವಂತೆಯೂ ಇಲ್ಲ. ಗ್ರಾಮ ಪಂಚಾಯತಿಗೆ ಸಂವಿಧಾನದ ಮಾನ್ಯತೆ ತಂದ 73ನೆಯ ತಿದ್ದುಪಡಿಗೆ ಶಂಕರ ದಯಾಳ್ ಶರ್ಮಾ ಅವರು 1993ರ ಏಪ್ರಿಲ್ 20ರಂದು ಹಾಕಿದ ಅಂಕಿತ ಈ ಬಗೆಯದು. ಏಪ್ರಿಲ್ 24ರಂದು ಅದು ಜಾರಿಗೆ ಬಂದಿತು.

ಸಲಹೆ ಕೊಡುವ ಮಂತ್ರಿಮಂಡಲವೇ ಇಲ್ಲದಿರುವ ಗಳಿಗೆಯಲ್ಲಿ ಮಾತ್ರ ರಾಷ್ಟ್ರಪತಿಯವರ ಸ್ವಂತ ವಿವೇಚನೆಗೆ ನಿಜವಾದ ಅವಕಾಶ ಒದಗುತ್ತದೆ. 1996ರಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದಿದ್ದಾಗ ಶಂಕರ ದಯಾಳ್ ಶರ್ಮಾ ಅವರು ಅತಿ ದೊಡ್ಡ ಪಕ್ಷದ ನಾಯಕರಾದ ಅಟಲ ಬಿಹಾರಿ ವಾಜಪೇಯಿ ಅವರನ್ನು ಸರ್ಕಾರ ರಚಿಸಲು ಕರೆದರು. ಆ ಸರ್ಕಾರ 13 ದಿನ ನಿಂತಿತು. ಬಳಿಕ ಜೂನ್ 1ರಂದು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ದೇವೇಗೌಡರು ಪ್ರಧಾನಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಸಲಹೆಯಂತೆ ಬಿದ್ದ ಸಹಿಯೂ ನ್ಯಾಯಾಲಯದ ಪರಿಶೀಲನೆಗೆ ಒಳಪಡುತ್ತದೆಂಬುದು ಕರ್ನಾಟಕದ ಪ್ರಕರಣವೊಂದರಿಂದ ಸ್ಥಿರಪಟ್ಟಿತು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ಬಹುಮತ ಕಳೆದುಕೊಂಡಿದೆಯೆಂದು ರಾಜ್ಯಪಾಲರು ವರದಿ ಕಳುಹಿಸಿದರು. ವಿಧಾನಸಭೆಯಲ್ಲಿಯೇ ಬಹುಮತ ಸಾಬೀತುಪಡಿಸಲು ಸಿದ್ಧವೆಂದು ಬೊಮ್ಮಾಯಿ ಅವರು ತಿಳಿಸಿದರೂ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಆ ಘೋಷಣೆ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ ಎಂಬ ತತ್ತ್ವ ಅಲ್ಲಿಂದ ದೇಶಕ್ಕೆಲ್ಲ ನಿಯಮವಾಯಿತು. ಅಷ್ಟು ಹೊತ್ತಿಗೆ ಕರ್ನಾಟಕದಲ್ಲಿ ಹೊಸ ಚುನಾವಣೆ ನಡೆದು ನಾಲ್ಕು ವರ್ಷಗಳೇ ಕಳೆದಿದ್ದವು. ಬೊಮ್ಮಾಯಿ ಅವರಿಗೆ ಕಳೆದುಹೋದ ಸರ್ಕಾರ ಮರಳಲಿಲ್ಲ.

ಪೀಠ ಬರಿದಾದಾಗ

ಅವಧಿ ಇಬ್ಬರಿಗೂ ಐದು ವರ್ಷ. ಮುಂದಿನವರು ಅಧಿಕಾರ ವಹಿಸಿಕೊಳ್ಳುವವರೆಗೆ ಹಿಂದಿನವರು ಮುಂದುವರಿಯುತ್ತಾರೆ. ರಾಷ್ಟ್ರಪತಿಯವರು ರಾಜೀನಾಮೆಯನ್ನು ಉಪರಾಷ್ಟ್ರಪತಿಗೆ ಸಲ್ಲಿಸುತ್ತಾರೆ, ಉಪರಾಷ್ಟ್ರಪತಿಯವರು ರಾಷ್ಟ್ರಪತಿಗೆ. ನಿಧನ, ರಾಜೀನಾಮೆ ಅಥವಾ ಪದಚ್ಯುತಿಯಿಂದ ರಾಷ್ಟ್ರಪತಿ ಸ್ಥಾನ ತೆರವಾದರೆ ಉಪರಾಷ್ಟ್ರಪತಿಯವರು ಹಂಗಾಮಿ ರಾಷ್ಟ್ರಪತಿಯಾಗುತ್ತಾರೆ. ಆರು ತಿಂಗಳೊಳಗೆ ಚುನಾವಣೆ ನಡೆಯಲೇಬೇಕು. ಹೊಸದಾಗಿ ಆಯ್ಕೆಯಾದವರಿಗೆ ದೊರೆಯುವುದು ಪೂರ್ಣ ಐದು ವರ್ಷ. ಪಂಚಾಯತಿಯ ಉಪಚುನಾವಣೆಯಲ್ಲಿ ಗೆದ್ದ ಸದಸ್ಯರಂತೆ ಉಳಿದ ಅವಧಿಯಷ್ಟೇ ಅಲ್ಲ.

ಉಪರಾಷ್ಟ್ರಪತಿಯೂ ಇಲ್ಲದಿದ್ದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಬಂದದ್ದು 1969ರಲ್ಲಿ, ಅದೂ ಅವಸರದಲ್ಲಿ. ಮೇ 3ರಂದು ಜಾಕಿರ್ ಹುಸೇನ್ ಅವರು ನಿಧನರಾದರು. ಉಪರಾಷ್ಟ್ರಪತಿ ವಿ.ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಯಾದರು. ಅವರು ಅದಕ್ಕೆ ಮೊದಲು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಅವರೇ ಚುನಾವಣೆಗೆ ನಿಲ್ಲುವ ಸಂಭವವಿತ್ತು. ಆದ್ದರಿಂದ ಸಂಸತ್ತು ಅದೇ ತಿಂಗಳಲ್ಲಿ ಕಾನೂನು ಮಾಡಿ, ಇಬ್ಬರೂ ಇಲ್ಲದಾಗ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯವರು, ಅವರೂ ಇಲ್ಲದಿದ್ದರೆ ಅತ್ಯಂತ ಹಿರಿಯ ನ್ಯಾಯಮೂರ್ತಿಯವರು ರಾಷ್ಟ್ರಪತಿಯ ಕಾರ್ಯ ನಿರ್ವಹಿಸತಕ್ಕದ್ದು ಎಂದು ಗೊತ್ತುಪಡಿಸಿತು. ಜುಲೈ 19ರಂದು ಗಿರಿಯವರು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸುವ ಸುಗ್ರೀವಾಜ್ಞೆಗೆ ಸಹಿ ಹಾಕಿದರು. ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳು ಆ ಪಟ್ಟಿಯಲ್ಲಿದ್ದವು. ಮರುದಿನ ಗಿರಿಯವರು ರಾಜೀನಾಮೆ ಕೊಟ್ಟರು. ಆಗಸ್ಟ್ 24ರವರೆಗೆ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರು ರಾಷ್ಟ್ರಪತಿಯ ಕಾರ್ಯ ನಿರ್ವಹಿಸಿದರು.

ಎರಡನೆಯ ಸಂದರ್ಭ ಒದಗಿದ್ದು ಕನ್ನಡಿಗರೊಬ್ಬರಿಗೆ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿಯವರು ಜಮಖಂಡಿ ಪುರಸಭೆಯ ಸದಸ್ಯರಾಗಿ, ಅಧ್ಯಕ್ಷರಾಗಿ ಸಾರ್ವಜನಿಕ ಜೀವನ ಆರಂಭಿಸಿದವರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದು, 1974ರಲ್ಲಿ ಉಪರಾಷ್ಟ್ರಪತಿಯಾದರು. 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ಅವರು ನಿಧನರಾದಾಗ ದೇಶ ಲೋಕಸಭಾ ಚುನಾವಣೆಯ ನಡುವೆ ಇತ್ತು. ಮಾರ್ಚ್‌ನಲ್ಲಿ ಸರ್ಕಾರ ಬದಲಾಯಿತು. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ಜತ್ತಿಯವರೇ. ಏಪ್ರಿಲ್‌ನಲ್ಲಿ ಹೊಸ ಸರ್ಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಸಲಹೆ ಕೊಟ್ಟಿತು. ಕರ್ನಾಟಕ ಅವುಗಳಲ್ಲಿ ಇರಲಿಲ್ಲ. ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ಒಂದು ದಿನ ಕಡತ ಅವರ ಬಳಿಯೇ ಉಳಿಯಿತು, ದೆಹಲಿಯಲ್ಲಿ ಗದ್ದಲವೆದ್ದಿತು. ಏಪ್ರಿಲ್ 30ರಂದು ಸಹಿ ಬಿದ್ದಿತು.

ಆ ಒಂದು ದಿನದ ತಡೆಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬ ಬಗ್ಗೆ ಅಂದು ಭಿನ್ನಾಭಿಪ್ರಾಯಗಳಿದ್ದವು. ಕಾನೂನಿನ ಸ್ಥಿತಿಯನ್ನು ನೋಡಿದರೆ, ಅವರ ಮುಂದೆ ಬೇರೆ ದಾರಿಯೇ ಇರಲಿಲ್ಲ. 42ನೆಯ ತಿದ್ದುಪಡಿಯಿಂದ ಸಲಹೆ ಬದ್ಧವಾಗಿತ್ತು. ಮರುಪರಿಶೀಲನೆಗೆ ಕಳುಹಿಸುವ ಅವಕಾಶ ಇನ್ನೂ ಹುಟ್ಟಿರಲಿಲ್ಲ. ಆ ಅವಕಾಶವನ್ನು ತಂದ 44ನೆಯ ತಿದ್ದುಪಡಿಗೆ ಅಂಕಿತ ಬಿದ್ದದ್ದು 1979ರ ಏಪ್ರಿಲ್ 30ರಂದು, ಸರಿಯಾಗಿ ಎರಡು ವರ್ಷಗಳ ನಂತರ. ಹಂಗಾಮಿಯಾಗಿರುವವರ ಅಧಿಕಾರ ಕಡಿಮೆಯೇ ಎಂಬ ಸಂದೇಹ ಕೆಲವರಲ್ಲಿದೆ. ಹಾಗೇನಿಲ್ಲ. 65ನೆಯ ವಿಧಿಯಂತೆ ಹಂಗಾಮಿ ರಾಷ್ಟ್ರಪತಿಗೆ ರಾಷ್ಟ್ರಪತಿಯ ಎಲ್ಲ ಅಧಿಕಾರಗಳೂ ರಕ್ಷಣೆಗಳೂ ಇವೆ. ಜತ್ತಿಯವರ ಸಹಿ ಪೂರ್ಣ ಸಹಿಯೇ ಆಗಿತ್ತು, ಅದಕ್ಕಿದ್ದ ಕಟ್ಟೂ ಪೂರ್ಣವಾಗಿತ್ತು.

ರಾಜ್ಯಸಭೆಯ ಪೀಠ

ಉಪರಾಷ್ಟ್ರಪತಿಯವರಿಗೆ ಆ ಹೆಸರಿನಲ್ಲಿ ನಿತ್ಯದ ಕೆಲಸವಿಲ್ಲ; ಅವರ ಕೆಲಸವೆಲ್ಲ ರಾಜ್ಯಸಭೆಯ ಸಭಾಪತಿಯಾಗಿ. ಸಂಬಳವೂ ಸಭಾಪತಿಯ ಹುದ್ದೆಯದೇ, ತಿಂಗಳಿಗೆ 4 ಲಕ್ಷ ರೂಪಾಯಿ. ಅವರು ಆ ಸದನದ ಸದಸ್ಯರಲ್ಲದ ಕಾರಣ ಸಾಮಾನ್ಯವಾಗಿ ಮತ ಹಾಕುವುದಿಲ್ಲ. ಮತಗಳು ಸಮನಾದಾಗ ಮಾತ್ರ ನಿರ್ಣಾಯಕ ಮತ ಹಾಕುತ್ತಾರೆ. ಹಂಗಾಮಿ ರಾಷ್ಟ್ರಪತಿಯಾಗಿರುವಷ್ಟು ಕಾಲ ಅವರು ಸಭಾಪತಿಯ ಪೀಠದಲ್ಲಿ ಕೂರುವಂತಿಲ್ಲ. ಉಪಸಭಾಪತಿಯವರು ಸದನ ನಡೆಸುತ್ತಾರೆ. ಉಪರಾಷ್ಟ್ರಪತಿ ಸ್ಥಾನ ತೆರವಾದರೆ ಆರು ತಿಂಗಳ ಗಡುವೂ ಇಲ್ಲ, ‘ಸಾಧ್ಯವಾದಷ್ಟು ಬೇಗ’ ಎಂದಷ್ಟೇ ಸಂವಿಧಾನ ಹೇಳುತ್ತದೆ. 2025ರ ಜುಲೈ 21ರಂದು ಜಗದೀಪ್ ಧನಕರ್ ಅವರು ರಾಜೀನಾಮೆ ನೀಡಿದಾಗ ಸೆಪ್ಟೆಂಬರ್‌ವರೆಗೆ ಉಪರಾಷ್ಟ್ರಪತಿಯೇ ಇರಲಿಲ್ಲ; ಸದನವನ್ನು ಉಪಸಭಾಪತಿ ಹರಿವಂಶ್ ಅವರು ನಡೆಸಿದರು.

ಪದಚ್ಯುತಿಯ ವಿಧಾನದಲ್ಲಿ ಎರಡು ಹುದ್ದೆಗಳಿಗೂ ದೊಡ್ಡ ಅಂತರವಿದೆ. ರಾಷ್ಟ್ರಪತಿಯವರ ಮೇಲೆ ‘ಸಂವಿಧಾನದ ಉಲ್ಲಂಘನೆ’ ಎಂಬ ಒಂದೇ ಆರೋಪ ಸಾಧ್ಯ. ಸದನವೊಂದರ ಒಟ್ಟು ಸದಸ್ಯರಲ್ಲಿ ನಾಲ್ಕನೆಯ ಒಂದು ಭಾಗದವರು ಸಹಿ ಮಾಡಿ 14 ದಿನಗಳ ನೋಟಿಸು ಕೊಡಬೇಕು. ಒಟ್ಟು ಸದಸ್ಯರ ಮೂರನೆಯ ಎರಡು ಭಾಗದವರು ಒಪ್ಪಬೇಕು. ಇನ್ನೊಂದು ಸದನ ತನಿಖೆ ನಡೆಸಿ ಅದೇ ಬಹುಮತದಿಂದ ಒಪ್ಪಬೇಕು. ಆಯ್ಕೆಯಲ್ಲಿ ಮತವಿಲ್ಲದ ನಾಮನಿರ್ದೇಶಿತ ಸಂಸದರಿಗೆ ಇಲ್ಲಿ ಮತವಿದೆ, ಆಯ್ಕೆಯಲ್ಲಿ ಮತವಿದ್ದ ಶಾಸಕರಿಗೆ ಇಲ್ಲಿ ಇಲ್ಲ. ಇದುವರೆಗೆ ಯಾವ ರಾಷ್ಟ್ರಪತಿಯವರೂ ಈ ವಿಧಾನದಿಂದ ಪದಚ್ಯುತರಾಗಿಲ್ಲ. ಉಪರಾಷ್ಟ್ರಪತಿಯವರ ವಿಷಯದಲ್ಲಿ ಕಾರಣವನ್ನೇ ನಮೂದಿಸಿಲ್ಲ. 14 ದಿನಗಳ ನೋಟಿಸು ಕೊಟ್ಟು, ರಾಜ್ಯಸಭೆಯ ಆಗಿನ ಎಲ್ಲ ಸದಸ್ಯರ ಬಹುಮತದಿಂದ ನಿರ್ಣಯ ಅಂಗೀಕರಿಸಿ, ಲೋಕಸಭೆ ಅದಕ್ಕೆ ಸಮ್ಮತಿಸಿದರೆ ಸಾಕು. ಪಂಚಾಯತಿಯ ಅವಿಶ್ವಾಸ ಗೊತ್ತುವಳಿಯನ್ನು ಕಂಡವರಿಗೆ ಎರಡನೆಯ ಬಗೆಯೇ ಹೆಚ್ಚು ಪರಿಚಿತವೆನಿಸೀತು.

ಮನವಿ ಬರೆಯುವ ಮುನ್ನ

ರಾಷ್ಟ್ರಪತಿಯವರ ಸಚಿವಾಲಯಕ್ಕೆ ಯಾವ ನಾಗರಿಕರಾದರೂ ಮನವಿ ಕಳುಹಿಸಬಹುದು. ಗ್ರಾಮಸಭೆಯ ಠರಾವಿನ ಪ್ರತಿಯನ್ನೂ ಲಗತ್ತಿಸಬಹುದು. ಅಲ್ಲಿಂದ ಅದು ವಿಷಯಕ್ಕೆ ಸಂಬಂಧಿಸಿದ ಕೇಂದ್ರ ಸಚಿವಾಲಯಕ್ಕೆ ಅಥವಾ ರಾಜ್ಯ ಸರ್ಕಾರಕ್ಕೆ ವರ್ಗವಾಗುತ್ತದೆ. ರಾಜ್ಯದ ವಿಷಯವಾದರೆ ಬೆಂಗಳೂರಿಗೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ಹಲವು ಬಾರಿ ಅದೇ ಪಂಚಾಯತಿಯ ವರದಿ ಕೇಳುವ ಪತ್ರವಾಗಿ ಮರಳುತ್ತದೆ. ಪಂಚಾಯತಿಯೊಂದನ್ನು ವಿಸರ್ಜಿಸಬೇಕು, ಅಧ್ಯಕ್ಷರನ್ನು ತೆಗೆಯಬೇಕು ಎಂಬ ಕೋರಿಕೆಗಳು ರಾಷ್ಟ್ರಪತಿಯವರ ವ್ಯಾಪ್ತಿಗೆ ಬರುವುದೇ ಇಲ್ಲ. ಅವು ರಾಜ್ಯದ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ವಿಷಯಗಳು.

ಸಮುದಾಯವೊಂದನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆಗೂ ಇದೇ ಎಚ್ಚರ ಬೇಕು. ಮೂಲ ಆದೇಶ ರಾಷ್ಟ್ರಪತಿಯವರದೇ ಆದರೂ, 342ನೆಯ ವಿಧಿಯಂತೆ ಆ ಬಳಿಕ ಹೆಸರು ಸೇರಿಸಲು ಅಥವಾ ತೆಗೆಯಲು ಸಂಸತ್ತಿನ ಕಾನೂನೇ ಬೇಕು. 2020ರಲ್ಲಿ ಪರಿವಾರ, ತಳವಾರ ಹೆಸರುಗಳು, 2022ರಲ್ಲಿ ಸಂಸತ್ತು ಅಂಗೀಕರಿಸಿದ ವಿಧೇಯಕದಿಂದ ಬೆಟ್ಟ ಕುರುಬ ಹೆಸರು ಕರ್ನಾಟಕದ ಪಟ್ಟಿಗೆ ಸೇರಿದ್ದು ಹಾಗೆಯೇ. ಪ್ರಸ್ತಾವ ಹೊರಡಬೇಕಾದದ್ದು ರಾಜ್ಯ ಸರ್ಕಾರದಿಂದ, ಸಮುದಾಯದ ಅಧ್ಯಯನದ ವರದಿಯೊಡನೆ; ಅದು ಭಾರತದ ಮಹಾ ರಿಜಿಸ್ಟ್ರಾರ್ ಅವರ ಮತ್ತು ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗದ ಅಭಿಪ್ರಾಯ ಪಡೆದು, ಕೇಂದ್ರ ಸಂಪುಟವನ್ನು ದಾಟಿ, ಸಂಸತ್ತಿಗೆ ಬಂದು, ಕಟ್ಟಕಡೆಗೆ ಅಂಕಿತಕ್ಕಾಗಿ ರಾಷ್ಟ್ರಪತಿ ಭವನವನ್ನು ತಲುಪುತ್ತದೆ. ಅಂತಹ ಠರಾವನ್ನು ಅಂಗೀಕರಿಸುವ ಗ್ರಾಮಸಭೆಯು ಮೊದಲ ಪ್ರತಿಯನ್ನು ರಾಜ್ಯದ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗೆ ವಿಳಾಸ ಮಾಡುವುದು ಸೂಕ್ತ.